ಎದುರಿನ ಶಾಲೆಗೆ ನೂರು, ನಮ್ಮ ಶಾಲೆಗೆ ಐವತ್ತು: ಮಗಳನ್ನು ಬಿಡಿಸಬೇಕಾ?

ಪ್ರಶ್ನೆ: ನಾನು ರಾಯಚೂರು ಜಿಲ್ಲೆಯ ಒಂದು ಸಣ್ಣ ಪಟ್ಟಣದವಳು. ಮನೆಯಲ್ಲೇ ಟೈಲರಿಂಗ್ ಮಾಡುತ್ತೇನೆ, ಮನೆಯವರು ಗೂಡ್ಸ್ ಗಾಡಿ ಓಡಿಸುತ್ತಾರೆ. ಮಗಳು ಇಲ್ಲಿನ ಸರ್ಕಾರಿ ಪ್ರೌಢಶಾಲೆಯಲ್ಲಿ ಎಂಟನೇ ತರಗತಿ, ಕನ್ನಡ ಮಾಧ್ಯಮ. ಈ ಶಾಲೆಯ ಎಸ್ಸೆಸ್ಸೆಲ್ಸಿ ಫಲಿತಾಂಶ 2023ರಲ್ಲಿ ಶೇ 90 ದಾಟಿತ್ತು. 2024ರಲ್ಲಿ 70ರ ಹತ್ತಿರ ಬಂತು. 2025ರಲ್ಲಿ 61 ಮಕ್ಕಳು ಬರೆದು 31 ಮಂದಿ ಪಾಸಾದರು. ಎದುರಿನ ಖಾಸಗಿ ಇಂಗ್ಲಿಷ್ ಮೀಡಿಯಂ ಶಾಲೆಯವರು ಶೇ 100 ಎಂದು ಬಸ್ ಸ್ಟ್ಯಾಂಡಿನಲ್ಲಿ ಬ್ಯಾನರ್ ಕಟ್ಟಿದ್ದಾರೆ. ಅಲ್ಲಿ ಬರೆದವರು 24 ಮಂದಿ. ನಮ್ಮ ಶಾಲೆಯ ಗಣಿತದ ಸರ್ ಹೋದ ವರ್ಷ ವರ್ಗವಾಗಿ ಹೋದರು, ಈಗ ಅತಿಥಿ ಶಿಕ್ಷಕರು ಬರುತ್ತಿದ್ದಾರೆ. "ಸರ್ಕಾರಿ ಶಾಲೆ ಕೆಟ್ಟೋಯ್ತು, ಒಂಬತ್ತಕ್ಕೆ ಅಲ್ಲಿಗೆ ಹಾಕು" ಎಂದು ನಾದಿನಿ ದಿನಾ ಹೇಳುತ್ತಾಳೆ. ಅವರು ವರ್ಷಕ್ಕೆ 38,000 ಕೇಳುತ್ತಿದ್ದಾರೆ, ವ್ಯಾನಿನ ದುಡ್ಡು ಬೇರೆ. ಜನವರಿಯೊಳಗೆ 10,000 ಅಡ್ವಾನ್ಸ್ ಕಟ್ಟಿದರೆ ಸೀಟು ಹಿಡಿದಿಡುತ್ತಾರಂತೆ. ಮಗಳು ಹೋಗಲ್ಲ ಅನ್ನುತ್ತಾಳೆ. ಓದಿನಲ್ಲಿ ತೀರಾ ಹಿಂದೆ ಇಲ್ಲ, ಗಣಿತ ಮಾತ್ರ ಅಷ್ಟಕ್ಕಷ್ಟೆ. ಎರಡು ವರ್ಷದಲ್ಲಿ ಒಂದು ಶಾಲೆ ಅಷ್ಟು ಕೆಡುತ್ತದಾ? ನಾನು ಏನು ಮಾಡಲಿ?

ಉತ್ತರ: ತಾಯಿ, ನೀವು ಮೂರು ವರ್ಷದ ಲೆಕ್ಕ, ಬರೆದವರ ಸಂಖ್ಯೆ ಎಲ್ಲ ಕೊಟ್ಟು ಕೇಳಿದ್ದೀರಿ. ಇದರಿಂದ ಉತ್ತರ ಹೇಳುವುದು ಸುಲಭವಾಯಿತು. ಹೆಚ್ಚಿನವರು ಬರೀ "ರಿಸಲ್ಟ್ ಬಿದ್ದಿದೆ" ಎಂದು ಬರೆಯುತ್ತಾರೆ. ನಾನು ಪ್ರೌಢಶಾಲೆಯಲ್ಲಿ ಗಣಿತ ಕಲಿಸಿ, ಮುಖ್ಯ ಶಿಕ್ಷಕನಾಗಿ, ಆಮೇಲೆ ಉಪನಿರ್ದೇಶಕರ ಕಚೇರಿಯಲ್ಲಿ ವಿಷಯ ಪರಿವೀಕ್ಷಕನಾಗಿ ಕೆಲಸ ಮಾಡಿ ನಿವೃತ್ತನಾದವನು. ಫಲಿತಾಂಶದ ಪಟ್ಟಿ ಹಿಡಿದು ಶಾಲೆ ಶಾಲೆಗೆ ಹೋಗುವುದೇ ಆ ಕೆಲಸವಾಗಿತ್ತು. ಆ ಅನುಭವದ ಮೇಲೆ ಹೇಳುತ್ತೇನೆ.

ನಿಮ್ಮ ಭಯ ಎರಡು. ಶಾಲೆ ನಿಜವಾಗಿಯೂ ಕೆಟ್ಟಿದೆಯಾ? ಕೆಟ್ಟಿದ್ದರೆ ಅದರಲ್ಲಿ ನನ್ನ ಮಗಳು ಸಿಕ್ಕಿಹಾಕಿಕೊಳ್ಳುತ್ತಾಳಾ? ಇವೆರಡೂ ಬೇರೆ ಬೇರೆ ಪ್ರಶ್ನೆಗಳು. ನಾದಿನಿ ಎರಡನ್ನೂ ಒಂದೇ ಮಾಡಿ ಹೇಳುತ್ತಿದ್ದಾರೆ.

ಮೊದಲು ಆ 90, 70, 50ರ ವಿಷಯ. ಇಳಿದಿದ್ದು ನಿಮ್ಮ ಶಾಲೆ ಒಂದೇ ಅಲ್ಲ. ಇಡೀ ರಾಜ್ಯದ್ದೇ 2023ರಲ್ಲಿ ಶೇ 83.89 ಇತ್ತು, 2024ರಲ್ಲಿ 73.40, 2025ರ ಮೊದಲ ಪರೀಕ್ಷೆಯಲ್ಲಿ 66.14. ಎರಡು ವರ್ಷದಲ್ಲಿ ಇಡೀ ಕರ್ನಾಟಕದ ಮೇಷ್ಟ್ರುಗಳೆಲ್ಲ ಪಾಠ ಬಿಟ್ಟು ಕೂತರಾ? ಇಲ್ಲ. ಪರೀಕ್ಷೆ ನಡೆಸುವ ರೀತಿ ಬದಲಾಯಿತು. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಹಾಕಿ, ಅದನ್ನು ಕಚೇರಿಯಲ್ಲಿ ಕೂತು ನೇರವಾಗಿ ನೋಡುವ ವೆಬ್‌ಕಾಸ್ಟಿಂಗ್ ಬಂತು. ಚೀಟಿ, ಪಕ್ಕದವನ ಪೇಪರ್, ಒಳಗೆ ಬಂದು "ಎರಡನೇದಕ್ಕೆ ಸಿ ಬರಿ" ಎಂದು ಹೇಳಿ ಹೋಗುವವರು, ಎಲ್ಲ ಒಮ್ಮೆಗೇ ನಿಂತುಹೋಯಿತು. ಆ ವರ್ಷ ಫಲಿತಾಂಶ ಎಷ್ಟು ಬಿತ್ತೆಂದರೆ, ಕೃಪಾಂಕವನ್ನು, ಅಂದರೆ ಗ್ರೇಸ್ ಮಾರ್ಕ್ಸನ್ನು, ಶೇ 10ರಿಂದ 20ಕ್ಕೆ ಏರಿಸಿ ಮೇಲೆತ್ತಬೇಕಾಯಿತು. ಅದು ಇಲ್ಲದಿದ್ದರೆ ರಾಜ್ಯದ ಫಲಿತಾಂಶ ಸುಮಾರು 53ರಲ್ಲಿ ನಿಲ್ಲುತ್ತಿತ್ತು. 2025ರಲ್ಲಿ ಆ ಕೃಪಾಂಕವನ್ನೂ ತೆಗೆದರು.

ಈಗ ಇನ್ನೊಮ್ಮೆ ಲೆಕ್ಕ ನೋಡಿ. ಕೃಪಾಂಕ ಬಿಟ್ಟು ನೋಡಿದರೆ 2024ರಲ್ಲಿ 53, 2025ರಲ್ಲಿ 66. ಅಂದರೆ ಮಕ್ಕಳು ಸ್ವಂತವಾಗಿ ಬರೆದದ್ದು 2025ರಲ್ಲೇ ಜಾಸ್ತಿ. ಪೇಪರಿನಲ್ಲಿ ಮಾತ್ರ "ಮತ್ತೆ ಕುಸಿತ" ಎಂದು ಬಂತು. ನಿಮ್ಮ ಶಾಲೆಯ 70ರಲ್ಲೂ ಕೃಪಾಂಕದಿಂದ ದಾಟಿದವರು ಇದ್ದೇ ಇರುತ್ತಾರೆ. 90ರಲ್ಲಿ ಎಷ್ಟು ಸಾಚಾ ಎಂದು ನಾನು ಹೇಳಲಾರೆ, ಆದರೆ ಹಳೆಯ ಮೇಷ್ಟ್ರು ಯಾರನ್ನಾದರೂ ಕೇಳಿ, ನಗುತ್ತಾರೆ. ಹಾಗಾಗಿ ಶಾಲೆ 90ರಿಂದ 50ಕ್ಕೆ ಬಿತ್ತು ಎನ್ನುವುದಕ್ಕಿಂತ, ಮೊದಲಿನಿಂದ ಇದ್ದ ಸ್ಥಿತಿ ಈಗ ಕಣ್ಣಿಗೆ ಬಿತ್ತು ಎನ್ನುವುದು ಹೆಚ್ಚು ಸರಿ. ಇದು ಸಮಾಧಾನದ ಮಾತೇನೂ ಅಲ್ಲ. ರಾಜ್ಯ 66 ಇರುವಾಗ ನಿಮ್ಮ ಶಾಲೆ 51ರಲ್ಲಿದೆ. ಕೆಳಗೇ ಇದೆ.

ಇನ್ನೊಂದು ಮಾತು. 2025-26ನೇ ಸಾಲಿನಿಂದ ಪಾಸಾಗುವ ಗೆರೆಯೇ ಬದಲಾಗಿದೆ. ಒಟ್ಟು 625ಕ್ಕೆ 206 ಬಂದು, ಪ್ರತಿ ವಿಷಯದಲ್ಲೂ ಕನಿಷ್ಠ ಶೇ 30 ಇದ್ದರೆ ಪಾಸು. ಮೊದಲು ಶೇ 35 ಬೇಕಿತ್ತು. ಹೀಗಾಗಿ ಮುಂದಿನ ಫಲಿತಾಂಶದಲ್ಲಿ ನಿಮ್ಮ ಶಾಲೆ ಮೇಲೆ ಬಂದರೆ "ಸುಧಾರಿಸಿತು" ಎಂದು ತಕ್ಷಣ ಹಿಗ್ಗಬೇಡಿ. ಹಳೆಯ ವರ್ಷಕ್ಕೆ ಹೋಲಿಸುವ ಬದಲು, ಆಯಾ ವರ್ಷದ ರಾಜ್ಯದ ಮತ್ತು ತಾಲೂಕಿನ ಸರಾಸರಿಗೆ ಹೋಲಿಸಿ ನೋಡಿ. ನಾವು ಕಚೇರಿಯಲ್ಲಿ ಹಾಗೇ ನೋಡುತ್ತಿದ್ದೆವು.

ಇನ್ನು 61ರಲ್ಲಿ 31. ಈ ಸಂಖ್ಯೆ ಮೊದಲ ಪರೀಕ್ಷೆಯದ್ದೋ, ಮೂರೂ ಪರೀಕ್ಷೆ ಮುಗಿದ ಮೇಲಿನದ್ದೋ? 2024, 2025ರಲ್ಲಿ ಒಂದೇ ವರ್ಷದಲ್ಲಿ ಮೂರು ಪರೀಕ್ಷೆ ಬರೆಯಬಹುದಿತ್ತು, ಯಾವುದರಲ್ಲಿ ಅಂಕ ಜಾಸ್ತಿಯೋ ಅದೇ ಉಳಿಯುತ್ತಿತ್ತು. ಪೇಪರಿನಲ್ಲಿ, ಜನರ ಬಾಯಲ್ಲಿ ಓಡಾಡುವುದು ಬರೀ ಮೊದಲನೆಯದು. ಉಳಿದ 30 ಮಂದಿಯಲ್ಲಿ ಹತ್ತು ಮಂದಿ ಎರಡನೆಯದರಲ್ಲೋ ಮೂರನೆಯದರಲ್ಲೋ ದಾಟಿದ್ದರೂ ಫಲಿತಾಂಶ 67ಕ್ಕೆ ಬರುತ್ತದೆ. ಆ 30ರಲ್ಲಿ ಒಂದೇ ವಿಷಯದಲ್ಲಿ ಹೋದವರು ಎಷ್ಟು, ನಾಲ್ಕೈದರಲ್ಲಿ ಹೋದವರು ಎಷ್ಟು ಎಂದು ಮುಖ್ಯ ಶಿಕ್ಷಕರನ್ನು ಕೇಳಿ. ಒಂದೇ ವಿಷಯ, ಅದೂ ಗಣಿತ ಆಗಿದ್ದರೆ ಮದ್ದು ಇದೆ. ನಾಲ್ಕೈದು ವಿಷಯದಲ್ಲಿ ಹೋದವರೇ ಜಾಸ್ತಿ ಇದ್ದರೆ ಅವರು ವರ್ಷವಿಡೀ ಶಾಲೆಗೇ ಬಂದಿರುವುದಿಲ್ಲ.

ನಿಮ್ಮ ಭಾಗದಲ್ಲಿ ಇದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಹತ್ತಿ ಬಿಡಿಸುವ ಕಾಲ ಬಂತೆಂದರೆ ತರಗತಿ ಅರ್ಧ ಖಾಲಿ. ಆಮೇಲೆ ಮೆಣಸಿನಕಾಯಿ. ಗುಳೆ ಹೋಗುವ ಮನೆಯ ಮಕ್ಕಳು ಅಜ್ಜಿಯ ಹತ್ತಿರ ಉಳಿದರೆ ಪುಣ್ಯ, ಇಲ್ಲದಿದ್ದರೆ ಅವರೂ ಬೆಂಗಳೂರಿಗೆ. ಹೆಸರು ಹಾಜರಿ ಪುಸ್ತಕದಲ್ಲಿ ಇರುತ್ತದೆ, ಹಾಲ್ ಟಿಕೆಟ್ ಬರುತ್ತದೆ, ಮಗು ಬಂದು ಬರೆಯುತ್ತದೆ. ಡಿಸೆಂಬರ್, ಜನವರಿ ಎಂದರೆ ಹತ್ತನೇ ತರಗತಿಗೆ ಪಾಠ ಮುಗಿಸಿ ಪುನರಾವರ್ತನೆ ಮಾಡಿಸುವ ಸಮಯ. ಆ ಎರಡು ತಿಂಗಳು ತಪ್ಪಿಸಿಕೊಂಡ ಮಗುವಿಗೆ ಯಾವ ಮೇಷ್ಟ್ರೂ ಏನೂ ಮಾಡಲಾರರು. ಮೇಷ್ಟ್ರೂ ಯಾವಾಗಲೂ ಶಾಲೆಯಲ್ಲಿ ಇರುವುದಿಲ್ಲ ಅನ್ನುವುದು ಬೇರೆ ಕಥೆ. ಚುನಾವಣೆ, ಗಣತಿ, ಸಮೀಕ್ಷೆ. 2025ರ ಅಕ್ಟೋಬರಿನಲ್ಲಿ ಸಾಮಾಜಿಕ ಶೈಕ್ಷಣಿಕ ಸಮೀಕ್ಷೆಗಾಗಿ ಸರ್ಕಾರಿ, ಅನುದಾನಿತ ಶಾಲೆಗಳ ದಸರಾ ರಜೆಯನ್ನೇ 18ರವರೆಗೆ ವಿಸ್ತರಿಸಿದರು. ಎದುರಿನ ಖಾಸಗಿ ಶಾಲೆಗೆ ಆ ತೊಂದರೆ ಇರಲಿಲ್ಲ.

ಈಗ ಆ ನೂರಕ್ಕೆ ಬರೋಣ. 24 ಮಂದಿ ಬರೆದು 24 ಮಂದಿ ಪಾಸು. ಸುಳ್ಳು ಇರಲಿಕ್ಕಿಲ್ಲ. ಆದರೆ ಎರಡು ವರ್ಷದ ಹಿಂದೆ ಅದೇ ಶಾಲೆಯ ಎಂಟನೇ ತರಗತಿಯಲ್ಲಿ ಎಷ್ಟು ಮಕ್ಕಳಿದ್ದರು? ಇದನ್ನು ಕೇಳಿ ತಿಳಿದುಕೊಳ್ಳಿ. 24ರ ಆಸುಪಾಸೇ ಇದ್ದರು ಎಂದಾದರೆ ಆ ಶಾಲೆಗೆ ನನ್ನ ನಮಸ್ಕಾರ, ನಿಜವಾಗಿಯೂ ಕಲಿಸುತ್ತಿದ್ದಾರೆ. 40 ಇದ್ದವರು 24ಕ್ಕೆ ಬಂದಿದ್ದರೆ, ಉಳಿದ 16 ಮಂದಿ ಎಲ್ಲಿ ಹೋದರು? ಒಂಬತ್ತರ ಕೊನೆಗೆ ಪೋಷಕರನ್ನು ಕರೆದು "ನಿಮ್ಮ ಹುಡುಗನಿಗೆ ನಮ್ಮಲ್ಲಿ ಕಷ್ಟ, ಟಿಸಿ ತಗೊಂಡು ಹೋಗಿ" ಎನ್ನುವುದನ್ನು ನಾನು ಎಷ್ಟೋ ಊರುಗಳಲ್ಲಿ ನೋಡಿದ್ದೇನೆ. ಆ ಟಿಸಿ ಹಿಡಿದು ಮಗು ಬರುವುದು ಎಲ್ಲಿಗೆ? ಸರ್ಕಾರಿ ಶಾಲೆಗೆ. ಸರ್ಕಾರಿ ಶಾಲೆ ಯಾರನ್ನೂ ವಾಪಸ್ ಕಳಿಸುವಂತಿಲ್ಲ. ಒಬ್ಬ ದುರ್ಬಲ ಹುಡುಗ ಆ ಕಡೆಯಿಂದ ಈ ಕಡೆ ಬಂದರೆ ಅಲ್ಲಿನ ಶೇಕಡಾವಾರು ಏರುತ್ತದೆ, ಇಲ್ಲಿಯದು ಇಳಿಯುತ್ತದೆ. ಎರಡೂ ಕಡೆ ಪಾಠ ಮಾತ್ರ ಮೊದಲಿದ್ದ ಹಾಗೇ ಇರುತ್ತದೆ. ಎಲ್ಲ ಖಾಸಗಿ ಶಾಲೆಯೂ ಹೀಗೆ ಮಾಡುತ್ತದೆ ಎಂದಲ್ಲ. ಕೇಳದೆ ನಂಬಬೇಡಿ ಅಷ್ಟೇ.

"ಖಾಸಗಿ ಎಂದರೆ ಒಳ್ಳೆಯದು" ಎನ್ನುವುದೂ ಅಷ್ಟು ನೇರವಾಗಿಲ್ಲ. 2025ರಲ್ಲಿ ರಾಜ್ಯದ ಸರ್ಕಾರಿ ಶಾಲೆಗಳ ಫಲಿತಾಂಶ ಶೇ 62.7, ಅನುದಾನಿತ ಶಾಲೆಗಳದ್ದು 58.97, ಅನುದಾನ ಇಲ್ಲದ ಖಾಸಗಿ ಶಾಲೆಗಳದ್ದು 75.59. ಖಾಸಗಿ ಆಡಳಿತ ಮಂಡಳಿಯವರೇ ನಡೆಸುವ ಅನುದಾನಿತ ಶಾಲೆಗಳು ಸರ್ಕಾರಿ ಶಾಲೆಗಳಿಗಿಂತ ಹಿಂದಿದ್ದವು. ಅನುದಾನರಹಿತ ಶಾಲೆಗಳು ಮುಂದಿವೆ, ಒಪ್ಪುತ್ತೇನೆ. ಅಲ್ಲಿ ಫೀಸು ಕಟ್ಟುವ ಶಕ್ತಿ ಇರುವ, ಟ್ಯೂಷನ್ನಿಗೂ ಕಳಿಸುವ, ಹತ್ತಿ ಬಿಡಿಸಲು ಕಳಿಸದ ಮನೆಯ ಮಕ್ಕಳು ಕೂತಿರುತ್ತಾರೆ. ಅಷ್ಟೆಲ್ಲ ಇದ್ದೂ ನಾಲ್ಕರಲ್ಲಿ ಒಬ್ಬರು ಫೇಲ್. ಇನ್ನು ಜಿಲ್ಲೆಗಳ ಅಂತರ ನೋಡಿ. ಅದೇ ವರ್ಷ ದಕ್ಷಿಣ ಕನ್ನಡ 91.12, ಕಲಬುರಗಿ 42.43. ಸರ್ಕಾರಿ, ಖಾಸಗಿ ನಡುವಿನ ಅಂತರ ಹದಿಮೂರು ಅಂಶ, ಈ ಜಿಲ್ಲೆಗಳ ನಡುವಿನ ಅಂತರ ಸುಮಾರು ನಲವತ್ತೊಂಬತ್ತು. ಮಗು ಯಾವ ಊರಿನಲ್ಲಿ, ಯಾವ ಮನೆಯಲ್ಲಿ, ಎಂಟನೆಯದಕ್ಕೆ ಬರುವಾಗ ಏನು ಕಲಿತು ಬಂದಿದೆ ಎನ್ನುವುದು ಬೋರ್ಡಿನ ಮೇಲಿನ ಹೆಸರಿಗಿಂತ ದೊಡ್ಡದು.

ಈಗ ನಿಜವಾದ ತೊಂದರೆ ಹೇಳುತ್ತೇನೆ. ನೀವು ಪತ್ರದಲ್ಲಿ ಒಂದು ಸಾಲಿನಲ್ಲಿ ಬರೆದು ಮುಂದೆ ಹೋಗಿದ್ದೀರಿ. ಗಣಿತದ ಸರ್ ವರ್ಗವಾಗಿ ಹೋದದ್ದು. ನನ್ನ ಲೆಕ್ಕದಲ್ಲಿ ಆ ಬ್ಯಾನರ್, ಆ ಶೇಕಡಾವಾರು ಎಲ್ಲಕ್ಕಿಂತ ದೊಡ್ಡ ಸುದ್ದಿ ಅದು.

ಸರ್ಕಾರಿ ಪ್ರೌಢಶಾಲೆಯಲ್ಲಿ ಹುದ್ದೆಗಳು ವಿಷಯವಾರು ಇರುತ್ತವೆ. ಕನ್ನಡಕ್ಕೆ ಒಬ್ಬರು, ಇಂಗ್ಲಿಷಿಗೆ, ಹಿಂದಿಗೆ, ಸಮಾಜ ವಿಜ್ಞಾನಕ್ಕೆ ಒಬ್ಬೊಬ್ಬರು. ನಾವು ಪಿಸಿಎಂ (ಭೌತ, ರಸಾಯನ, ಗಣಿತ) ಹುದ್ದೆ ಅನ್ನುತ್ತೇವಲ್ಲ, ಅವರು ಗಣಿತ ತೆಗೆದುಕೊಳ್ಳುತ್ತಾರೆ, ಜೊತೆಗೆ ವಿಜ್ಞಾನದಲ್ಲಿ ಭೌತಶಾಸ್ತ್ರದ ಪಾಠಗಳನ್ನೂ. ಸಿಬಿಝಡ್ ಶಿಕ್ಷಕರು ಜೀವಶಾಸ್ತ್ರದ ಕಡೆಯವರು. ಹಾಗಾಗಿ ಪಿಸಿಎಂ ಶಿಕ್ಷಕರು ಒಬ್ಬರು ಹೋದರೆ ಆರು ಪೇಪರಿನಲ್ಲಿ ಒಂದು ಪೂರ್ತಿ, ಇನ್ನೊಂದು ಅರ್ಧಂಬರ್ಧ ಹೋದಂತೆ. ದೊಡ್ಡ ಊರಿನ ಶಾಲೆಯಲ್ಲಿ ಅಂಥವರು ಇಬ್ಬರು ಮೂವರು ಇರಬಹುದು. ಸಣ್ಣ ಪಟ್ಟಣದಲ್ಲಿ ಸಾಮಾನ್ಯವಾಗಿ ಒಬ್ಬರೇ. ಹೋದರೆ ಹೋಯಿತು.

ಅತಿಥಿ ಶಿಕ್ಷಕರು ಅಂದ ಕೂಡಲೇ ಮೂಗು ಮುರಿಯಬೇಡಿ. ಅವರಲ್ಲಿ ಹೆಚ್ಚಿನವರು ಬಿ.ಎಡ್ ಮಾಡಿದ ಸ್ಥಳೀಯ ಹುಡುಗ ಹುಡುಗಿಯರು. ಕೆಲವರು ಕಾಯಂ ಶಿಕ್ಷಕರಿಗಿಂತ ಚೆನ್ನಾಗಿ ಕಲಿಸುತ್ತಾರೆ, ಮಗುವಿನ ಮನೆಯೂ ಅವರಿಗೆ ಗೊತ್ತಿರುತ್ತದೆ. ತೊಂದರೆ ಬೇರೆ ಕಡೆ ಇದೆ. ಶಾಲೆ ಶುರುವಾಗಿ ವಾರಗಟ್ಟಲೆ ಆದ ಮೇಲೆ ಅವರ ನೇಮಕ ಆಗುತ್ತದೆ. 2025-26ರ ಬಜೆಟ್‌ನಲ್ಲಿ 2,000 ರೂಪಾಯಿ ಏರಿಸಿದ ಮೇಲೂ ಗೌರವಧನ ಕಡಿಮೆಯೇ, ಅದೂ ತಿಂಗಳು ತಿಂಗಳು ಸರಿಯಾಗಿ ಬರುವುದಿಲ್ಲ. ಬೇರೆ ಕೆಲಸ ಸಿಕ್ಕಿದ ದಿನ ಬಿಟ್ಟು ಹೋಗುತ್ತಾರೆ. ಅವರನ್ನು ಬಯ್ಯುವುದು ಹೇಗೆ? ನಿಮ್ಮ ಶಾಲೆಗೆ ಈ ವರ್ಷ ಅತಿಥಿ ಶಿಕ್ಷಕರು ಯಾವ ತಿಂಗಳು ಬಂದರು ಎಂದು ಕೇಳಿ ತಿಳಿಯಿರಿ. ಜೂನ್ ಕೊನೆಗೆ ಬಂದಿದ್ದರೆ ಪರವಾಗಿಲ್ಲ. ಸೆಪ್ಟೆಂಬರಿಗೆ ಬಂದಿದ್ದರೆ ವರ್ಷದ ಕಾಲು ಭಾಗ ಕೈಬಿಟ್ಟಿದೆ.

ಇದಕ್ಕಿಂತ ಕಾಣದ ಇನ್ನೊಂದು ನಷ್ಟ ಇದೆ. ಫಲಿತಾಂಶ ಕೆಳಗೆ ಬಂದ ಶಾಲೆಗೆ ನೋಟಿಸು ಬರುತ್ತದೆ. ಮುಖ್ಯ ಶಿಕ್ಷಕರನ್ನು ಸಭೆಯಲ್ಲಿ ನಿಲ್ಲಿಸಿ ಕೇಳುತ್ತಾರೆ. ಆಗ ಅವರು ಏನು ಮಾಡುತ್ತಾರೆ? ಇದ್ದಬದ್ದ ಶಕ್ತಿಯನ್ನೆಲ್ಲ ಹತ್ತನೇ ತರಗತಿಗೆ ಸುರಿಯುತ್ತಾರೆ. ಬೆಳಿಗ್ಗೆ ವಿಶೇಷ ತರಗತಿ, ಸಂಜೆ ಗುಂಪು ಅಧ್ಯಯನ, ಫೇಲಾಗುವಂತಿರುವ ಮಕ್ಕಳಿಗೆ "ಪಾಸಿಂಗ್ ಪ್ಯಾಕೇಜ್". ಇರುವ ಒಬ್ಬ ಗಣಿತ ಶಿಕ್ಷಕರು ಪೂರ್ತಿ ಹತ್ತಕ್ಕೇ ಮೀಸಲು. ಎಂಟು ಮತ್ತು ಒಂಬತ್ತಕ್ಕೆ ಯಾರು ಖಾಲಿ ಇದ್ದಾರೋ ಅವರು. ಆದರೆ ಹತ್ತರಲ್ಲಿ ಫೇಲಾಗುವ ಮಗು ಸೋತಿರುವುದು ಹತ್ತರಲ್ಲಿ ಅಲ್ಲವೇ ಅಲ್ಲ. ಭಿನ್ನರಾಶಿ ಬರದೆ, ಭಾಗಾಕಾರ ಬರದೆ ಎಂಟಕ್ಕೆ ಬಂತು. ಎಂಟರಲ್ಲಿ ಬೀಜಗಣಿತ ಶುರುವಾದಾಗ ಕೈಚೆಲ್ಲಿತು. ಒಂಬತ್ತರಲ್ಲಿ ಯಾರೂ ಕೇಳಲಿಲ್ಲ. ಹತ್ತಕ್ಕೆ ಬಂದಾಗ ಅದರ ಕೈಗೆ ಮೂವತ್ತು ಪ್ರಶ್ನೆಯ ಪ್ಯಾಕೇಜು ಕೊಟ್ಟು ಉರು ಹೊಡೆಯಲು ಹೇಳಿದರು. ಶೇಕಡಾವಾರು ಹಿಡಿದು ಶಾಲೆಯನ್ನು ಹೆದರಿಸಿದಷ್ಟೂ ಎಂಟು ಒಂಬತ್ತು ಬಡವಾಗುತ್ತವೆ, ಎರಡು ವರ್ಷದ ಮೇಲೆ ಶೇಕಡಾವಾರು ಮತ್ತೆ ಬೀಳುತ್ತದೆ. ಪರಿವೀಕ್ಷಣೆಗೆ ಹೋದ ಕಡೆಯೆಲ್ಲ ಇದೇ ಕಂಡದ್ದು. ಹೇಳಿದರೆ ಕೇಳಿಸಿಕೊಳ್ಳುವವರು ಕಡಿಮೆ.

ನಿಮ್ಮ ಮಗಳು ಈಗ ಎಂಟರಲ್ಲಿದ್ದಾಳೆ. ಹಾಗಾಗಿ ನೀವು ನೋಡಬೇಕಾದದ್ದು ಹತ್ತರ ಫಲಿತಾಂಶವನ್ನಲ್ಲ, ಅವಳ ಗಣಿತದ ನೋಟ್ಸ್ ಪುಸ್ತಕವನ್ನು. ಇವತ್ತು ರಾತ್ರಿಯೇ ತೆಗೆದು ನೋಡಿ. ನಿಮಗೆ ಗಣಿತ ಬರಬೇಕಾಗಿಲ್ಲ. ಪುಟದ ಮೇಲೆ ತಾರೀಕು ಇದೆಯಾ? ಜುಲೈ, ಆಗಸ್ಟಿನಲ್ಲಿ ವಾರಕ್ಕೆ ಎಷ್ಟು ದಿನ ಬರೆಸಿದ್ದಾರೆ? ಲೆಕ್ಕದ ಪಕ್ಕ ಮೇಷ್ಟ್ರ ಕೆಂಪು ಗುರುತು ಇದೆಯಾ, ಅಥವಾ ಕೊನೆ ಪುಟದಲ್ಲಿ ಒಂದು ಸಹಿ ಮಾತ್ರವಾ? ತಪ್ಪಾದ ಲೆಕ್ಕವನ್ನು ಮತ್ತೆ ಮಾಡಿಸಿದ್ದಾರಾ? ಒಂದು ನೋಟ್ಸ್ ಪುಸ್ತಕ ಶಾಲೆಯ ಬಗ್ಗೆ ಹೇಳುವಷ್ಟನ್ನು ಯಾವ ಬ್ಯಾನರೂ ಹೇಳುವುದಿಲ್ಲ. ಸಾಧ್ಯವಾದರೆ ಎದುರಿನ ಶಾಲೆಯಲ್ಲಿ ಓದುವ ನೆರೆಮನೆಯ ಮಗುವಿನ ಒಂಬತ್ತನೇ ತರಗತಿಯ ಪುಸ್ತಕವನ್ನೂ ಹೀಗೇ ನೋಡಿ.

ಆಮೇಲೆ ಮಗಳಿಗೆ ನಾಲ್ಕು ಲೆಕ್ಕ ಕೊಡಿ. ಮೊಬೈಲ್ ಕೈಯಲ್ಲಿ ಇರಬಾರದು. ಮುಕ್ಕಾಲಿಗೆ ಮೂರನೇ ಎರಡು ಭಾಗ ಕೂಡಿಸಿದರೆ ಎಷ್ಟು? 403ನ್ನು 13ರಿಂದ ಭಾಗಿಸು. ಮೈನಸ್ 7ಕ್ಕೆ 4 ಕೂಡಿಸು. 640 ರೂಪಾಯಿಯ ಸೀರೆಗೆ ಶೇ 15 ರಿಯಾಯಿತಿ ಕೊಟ್ಟರೆ ಎಷ್ಟು ಕೊಡಬೇಕು? ಉತ್ತರ ಕ್ರಮವಾಗಿ ಹನ್ನೆರಡನೇ ಹದಿನೇಳು, 31, ಮೈನಸ್ 3, 544 ರೂಪಾಯಿ. ಇವೆಲ್ಲ ಏಳನೇ ತರಗತಿಯೊಳಗೆ ಬರಬೇಕಾದವು. ನಾಲ್ಕೂ ಬಂದರೆ ಅವಳ ಗಣಿತ "ಅಷ್ಟಕ್ಕಷ್ಟೆ" ಅಲ್ಲ, ಅಭ್ಯಾಸ ಕಡಿಮೆ ಅಷ್ಟೇ. ಎರಡು ಬಂದರೆ ಈ ಬೇಸಿಗೆ ರಜೆಯಲ್ಲಿ ಸರಿ ಮಾಡಬಹುದು. ಒಂದೂ ಬರದಿದ್ದರೆ ಶಾಲೆ ಬದಲಿಸಿದರೂ ಅಷ್ಟೇ, ಬದಲಿಸದಿದ್ದರೂ ಅಷ್ಟೇ. ಮೊದಲು ಐದು, ಆರು, ಏಳರ ಗಣಿತವನ್ನು ಯಾರಾದರೂ ಕೂತು ಕಲಿಸಬೇಕು. ಖಾಸಗಿ ಶಾಲೆಯ ಒಂಬತ್ತನೇ ತರಗತಿಯಲ್ಲೂ ಅದನ್ನು ಯಾರೂ ಹಿಂದಕ್ಕೆ ಹೋಗಿ ಕಲಿಸುವುದಿಲ್ಲ.

ಈಗ ನಿಮ್ಮ ಮುಂದಿರುವ ದಾರಿಗಳು.

ಎದುರಿನ ಇಂಗ್ಲಿಷ್ ಮೀಡಿಯಂ ಶಾಲೆಗೆ ಒಂಬತ್ತಕ್ಕೆ ಸೇರಿಸುವುದು. ಇದರ ಬಗ್ಗೆ ನನಗೆ ಹೆದರಿಕೆ ಇದೆ, ಮುಚ್ಚಿಡುವುದಿಲ್ಲ. ಎಂಟು ವರ್ಷ ಕನ್ನಡದಲ್ಲಿ ಓದಿದ ಮಗುವಿಗೆ ಮಾಧ್ಯಮ ಬದಲಿಸಲು ಒಂಬತ್ತನೇ ತರಗತಿಗಿಂತ ಕೆಟ್ಟ ವರ್ಷ ಇಲ್ಲ. ವಿಜ್ಞಾನ, ಗಣಿತ, ಸಮಾಜ ಮೂರೂ ಒಮ್ಮೆಗೇ ಹೊಸ ಮಾತಿನಲ್ಲಿ ಬರುತ್ತವೆ. ಅದೂ ಪಾಠ ಗಟ್ಟಿಯಾಗುವ ವರ್ಷ. ಹೊಂದಿಕೊಳ್ಳಲು ಒಂದು ವರ್ಷ ಬೇಕು, ಅಷ್ಟರಲ್ಲಿ ಹತ್ತು ಬಂದಿರುತ್ತದೆ. ಆಗ ಮಕ್ಕಳು ಮಾಡುವುದು ಒಂದೇ, ಅರ್ಥವಾಗದಿದ್ದರೂ ಉರು ಹೊಡೆಯುವುದು. ಪಾಸಾಗುತ್ತಾರೆ, ಕೆಲವೊಮ್ಮೆ 80 ಕೂಡ ತೆಗೆಯುತ್ತಾರೆ, ಪಿಯುಸಿಯಲ್ಲಿ ಬೀಳುತ್ತಾರೆ. "ಹೇಗೂ ಪಿಯು ಸೈನ್ಸ್ ಇಂಗ್ಲಿಷಿನಲ್ಲೇ ತಾನೇ" ಎಂದು ನೀವು ಕೇಳಬಹುದು. ನಿಜ. ಕನ್ನಡ ಮಾಧ್ಯಮದ ಮಕ್ಕಳು ಅಲ್ಲಿ ಮೊದಲ ಮೂರು ತಿಂಗಳು ಒದ್ದಾಡುತ್ತಾರೆ. ಆದರೆ ವಿಷಯ ಕನ್ನಡದಲ್ಲಿ ಅರ್ಥವಾಗಿದ್ದರೆ ಬರೀ ಪದಗಳನ್ನು ಕಲಿಯಬೇಕು. ವಿಷಯವೇ ಅರ್ಥವಾಗಿರದಿದ್ದರೆ ಎರಡನ್ನೂ ಕಲಿಯಬೇಕು. ಹತ್ತರ ಪರೀಕ್ಷೆ ಮುಗಿದು ಕಾಲೇಜು ಶುರುವಾಗುವವರೆಗಿನ ರಜೆ ಆ ಪದಗಳನ್ನು ಕಲಿಯಲು ಸಾಕು.

ಇದರ ಜೊತೆಗೆ ಹೆಚ್ಚಿನ ತಾಯಂದಿರಿಗೆ ಯಾರೂ ಹೇಳದ ವಿಷಯ ಒಂದಿದೆ. ಒಂದರಿಂದ ಹತ್ತರವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಇಂಜಿನಿಯರಿಂಗ್‌ನಂಥ ಕೋರ್ಸುಗಳಿಗೆ ಸಿಇಟಿ ಪ್ರವೇಶ ಪರೀಕ್ಷೆಯ ಮೂಲಕ ಸೀಟು ಹಂಚುವಾಗ ಶೇ 5 ಮೀಸಲಾತಿ ಇದೆ, ರಾಜ್ಯ ಸರ್ಕಾರಿ ನೇಮಕಾತಿಯಲ್ಲೂ ಶೇ 5 ಇದೆ. ಎಂಟು ವರ್ಷ ಓದಿ, ಕೊನೆಯ ಎರಡು ವರ್ಷ ಬದಲಿಸಿದರೆ ಅದು ಕೈತಪ್ಪುತ್ತದೆ. ಎನ್‌ಎಂಎಂಎಸ್ ಎಂಬ ಕೇಂದ್ರದ ವಿದ್ಯಾರ್ಥಿವೇತನವೂ ಹಾಗೇ. ಸರ್ಕಾರಿ, ಅನುದಾನಿತ ಶಾಲೆಯ ಎಂಟನೇ ತರಗತಿ ಮಕ್ಕಳಿಗೆ ಅದರ ಪರೀಕ್ಷೆ ಇರುತ್ತದೆ. ಆಯ್ಕೆಯಾದರೆ ಒಂಬತ್ತರಿಂದ ಹನ್ನೆರಡರವರೆಗೆ ವರ್ಷಕ್ಕೆ 12,000. ಮನೆಯ ವರಮಾನ ಮೂರೂವರೆ ಲಕ್ಷದೊಳಗೆ ಇರಬೇಕು. ಖಾಸಗಿ ಅನುದಾನರಹಿತ ಶಾಲೆಗೆ ಹೋದರೆ ಅದು ಸಿಗುವುದಿಲ್ಲ. ಮಗಳು ಅರ್ಜಿ ಹಾಕಿದ್ದಾಳಾ ಎಂದು ನಾಳೆಯೇ ತರಗತಿ ಶಿಕ್ಷಕರನ್ನು ಕೇಳಿ.

ಇಷ್ಟೆಲ್ಲ ಹೇಳಿದ ಮೇಲೂ ಆ ಶಾಲೆಯನ್ನು ತಳ್ಳಿಹಾಕುವುದಿಲ್ಲ. ಅಲ್ಲಿ ಕನ್ನಡ ಮಾಧ್ಯಮದ ವಿಭಾಗವೂ ಇದ್ದು, ಗಣಿತಕ್ಕೆ ನಾಲ್ಕೈದು ವರ್ಷದಿಂದ ಒಬ್ಬರೇ ಶಿಕ್ಷಕರು ನಿಂತಿದ್ದರೆ, ಮಕ್ಕಳು ಮಧ್ಯದಲ್ಲಿ ಉದುರಿಲ್ಲ ಎಂದಾದರೆ ಯೋಚನೆ ಮಾಡಬಹುದು. ಶಿಕ್ಷಕರು ಬಿ.ಎಡ್ ಮಾಡಿದವರಾ ಎಂದು ಕೇಳಿ. ಸಣ್ಣ ಊರಿನ ಎಷ್ಟೋ ಖಾಸಗಿ ಶಾಲೆಗಳಲ್ಲಿ ಸಂಬಳ ಕಡಿಮೆ, ವರ್ಷಕ್ಕೊಬ್ಬರು ಬದಲಾಗುತ್ತಾರೆ. ಸರ್ಕಾರಿ ಶಾಲೆಯಲ್ಲಿ ನಿಮಗೆ ಯಾವುದು ಕಾಡುತ್ತಿದೆಯೋ ಅದೇ ಅಲ್ಲೂ ಇರಬಹುದು, 38,000 ಕೊಟ್ಟು.

ಆದರ್ಶ ವಿದ್ಯಾಲಯ, ಮೊರಾರ್ಜಿ ದೇಸಾಯಿ ವಸತಿ ಶಾಲೆ ಎಂದು ಯಾರಾದರೂ ಹೇಳಿದರೆ, ಅಲ್ಲಿ ಪ್ರವೇಶ ಆರನೇ ತರಗತಿಗೆ. ಒಂಬತ್ತಕ್ಕೆ ಸೀಟು ಖಾಲಿಯಾದರೆ ಮಾತ್ರ. ಅದನ್ನು ನಂಬಿ ಕೂರಬೇಡಿ.

ಮೂರನೆಯದು, ಇದ್ದಲ್ಲೇ ಇದ್ದು ಗಣಿತದ ತೂತು ಮುಚ್ಚುವುದು. ನೀವು ಹೇಳಿದ್ದನ್ನೆಲ್ಲ ನೋಡಿದರೆ ನನ್ನ ಮನಸ್ಸು ಇದರ ಕಡೆ ವಾಲುತ್ತದೆ. ಮಗಳು ಹೋಗಲ್ಲ ಅನ್ನುತ್ತಿದ್ದಾಳಲ್ಲ, ಅದನ್ನು ಹಟ ಎಂದು ತಿಳಿಯಬೇಡಿ. ಯಾಕೆ ಎಂದು ಕೇಳಿ. ಗೆಳತಿಯರು ಇದ್ದಾರೆ ಎನ್ನಬಹುದು, ಒಬ್ಬ ಮೇಡಂ ಚೆನ್ನಾಗಿ ಕಲಿಸುತ್ತಾರೆ ಎನ್ನಬಹುದು. ಹದಿಮೂರು, ಹದಿನಾಲ್ಕರ ಹುಡುಗಿ ಶಾಲೆಗೆ ಖುಷಿಯಿಂದ ಹೋಗುತ್ತಾಳೆ ಎನ್ನುವುದು ಸಣ್ಣ ವಿಷಯ ಅಲ್ಲ. 38,000ದಲ್ಲಿ ಕಾಲು ಭಾಗ ಖರ್ಚು ಮಾಡಿದರೂ ಸಣ್ಣ ಊರಿನಲ್ಲಿ ವರ್ಷವಿಡೀ ಒಳ್ಳೆಯ ಟ್ಯೂಷನ್ ಸಿಗಬಹುದು. ಟ್ಯೂಷನ್ ಎಂದರೆ 40 ಮಕ್ಕಳನ್ನು ಕೂರಿಸಿ ಗೈಡ್ ಓದಿಸುವುದಲ್ಲ. ಐದಾರು ಮಕ್ಕಳು, ವಾರಕ್ಕೆ ನಾಲ್ಕು ದಿನ, ಹಿಂದಿನ ತರಗತಿಯ ಗಣಿತದಿಂದ ಶುರು ಮಾಡುವವರು. ಡಿಗ್ರಿ ಕಾಲೇಜಿನಲ್ಲಿ ಬಿ.ಎಸ್ಸಿ ಓದುತ್ತಿರುವ ಒಳ್ಳೆಯ ಹುಡುಗಿ ಸಿಕ್ಕರೂ ನಡೆಯುತ್ತದೆ.

ಇದರ ಅಪಾಯವನ್ನೂ ಹೇಳಬೇಕು. ಒಂದು, ಗಣಿತದ ಹುದ್ದೆ ಮುಂದಿನ ಎರಡು ವರ್ಷವೂ ಖಾಲಿ ಉಳಿಯಬಹುದು. ಆಗ ವಿಜ್ಞಾನದ ಅರ್ಧ ಪಾಠಕ್ಕೂ ನೀವೇ ದಾರಿ ಹುಡುಕಬೇಕು. ಇನ್ನೊಂದು, ಹತ್ತಕ್ಕೆ ಬಂದಾಗ ಶಾಲೆಯ ಗಮನವೆಲ್ಲ ಫೇಲಾಗುವ ಮಕ್ಕಳ ಮೇಲೆ ಇರುತ್ತದೆ. 70 ತೆಗೆಯಬಲ್ಲ ಮಗುವಿಗೂ ಅದೇ ಪಾಸಿಂಗ್ ಪ್ಯಾಕೇಜ್ ಕೊಟ್ಟು ಕೂರಿಸಿದರೆ ಅದು 55ರಲ್ಲೇ ನಿಲ್ಲುತ್ತದೆ. ಒಂಬತ್ತರಲ್ಲೇ ಮುಖ್ಯ ಶಿಕ್ಷಕರ ಹತ್ತಿರ ಮಾತಾಡಿ, ಮಗಳು ಯಾವ ಗುಂಪಿನಲ್ಲಿ ಇರುತ್ತಾಳೆ ಎಂದು ಕೇಳಿಟ್ಟುಕೊಳ್ಳಿ.

ಹುದ್ದೆಯ ವಿಷಯಕ್ಕೆ ಒಬ್ಬರೇ ಹೋಗಿ ಗಲಾಟೆ ಮಾಡಿದರೆ ಏನೂ ಆಗುವುದಿಲ್ಲ. ಹತ್ತಿಪ್ಪತ್ತು ಪೋಷಕರು ಸಹಿ ಹಾಕಿ, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಮೂಲಕ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಅವರಿಗೆ ಒಂದು ಪುಟದ ಅರ್ಜಿ ಕೊಡಿ, ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಎರಡೇ ಬೇಡಿಕೆ ಸಾಕು. ಮುಂದಿನ ವರ್ಗಾವಣೆ ಕೌನ್ಸೆಲಿಂಗ್‌ನಲ್ಲಿ ಈ ಶಾಲೆಯ ಪಿಸಿಎಂ ಹುದ್ದೆಯನ್ನು ಖಾಲಿ ಎಂದು ತೋರಿಸಬೇಕು. ಅಲ್ಲಿಯವರೆಗೆ ಹತ್ತಿರದ ಶಾಲೆಯಿಂದ ವಾರಕ್ಕೆ ಮೂರು ದಿನ ನಿಯೋಜನೆ ಕೊಡಬೇಕು, ಅಥವಾ ಅತಿಥಿ ಶಿಕ್ಷಕರನ್ನು ಜೂನ್ ಮೊದಲ ವಾರವೇ ಕೊಡಬೇಕು. ಕಚೇರಿಯಲ್ಲಿ ಕೂತಿದ್ದವನಾಗಿ ಹೇಳುತ್ತೇನೆ, ಇಂಥ ಅರ್ಜಿ ಬಂದ ಶಾಲೆಯ ಹೆಸರು ನೆನಪಿನಲ್ಲಿ ಉಳಿಯುತ್ತದೆ. "ಶಾಲೆ ಸರಿಯಿಲ್ಲ, ಕ್ರಮ ಕೈಗೊಳ್ಳಿ" ಎಂದು ಬರೆದ ಅರ್ಜಿ ಫೈಲಿನಲ್ಲಿ ಮಲಗುತ್ತದೆ. ಫೆಬ್ರುವರಿ, ಮಾರ್ಚಿನಲ್ಲಿ ಕೊಡಿ. ಜುಲೈಗೆ ಕೊಟ್ಟರೆ ತಡ.

ಆ 10,000 ಅಡ್ವಾನ್ಸ್ ಬಗ್ಗೆ ಕೊನೆಗೆ. ಜನವರಿಯೊಳಗೆ ಕಟ್ಟಬೇಡಿ. ಊರಿಗೊಂದು ಬ್ಯಾನರ್ ಕಟ್ಟಿ ಮಕ್ಕಳನ್ನು ಕರೆಯುವ ಶಾಲೆಯಲ್ಲಿ ಜೂನ್‌ಗೂ ಸೀಟು ಇರುತ್ತದೆ. ನೋಟ್ಸ್ ಪುಸ್ತಕ, ನಾಲ್ಕು ಲೆಕ್ಕ, ಎರಡೂ ಶಾಲೆಯ ಗಣಿತ ಶಿಕ್ಷಕರ ವಿಷಯ, ಇಷ್ಟನ್ನು ನೋಡಿ ಮಾರ್ಚ್ ಪರೀಕ್ಷೆ ಮುಗಿದ ಮೇಲೆ ನಿರ್ಧಾರ ಮಾಡಿ. ಅಷ್ಟಾಗಿಯೂ ಕಟ್ಟುವುದೇ ಆದರೆ ರಸೀದಿ ತೆಗೆದುಕೊಳ್ಳಿ. ಸೇರದಿದ್ದರೆ ದುಡ್ಡು ವಾಪಸ್ ಕೊಡುತ್ತೇವೆ ಎಂದು ಆ ರಸೀದಿಯ ಮೇಲೆಯೇ ಬರೆಸಿಕೊಳ್ಳಿ. ಬರೆದುಕೊಡಲು ಹಿಂದೆಮುಂದೆ ನೋಡಿದರೆ ಎದ್ದು ಬನ್ನಿ.